ಹೀರೋ ಬದನೆಕಾಯಿ, ಹೀರೋಯಿನ್ ಸೌಟು

ಒಂದಾನೊಂದು ಊರಿನಲ್ಲಿ ಮೂವರು ನನಗೆ "ಇದು ನಿನ್ನ ಕೈಲಾಗೋ ಕೆಲಸ ಅಲ್ಲ" ಅಂದರು. ಒಬ್ಬ ನನ್ನ ಸೋದರಮಾವ. ಇನ್ನೊಬ್ಬ ಆ ಊರಿನ ಮಂತ್ರಿ ಸುಬ್ಬಾಜಪ್ಪ. ಮೂರನೆಯದು ಅರಮನೆಯ ಬಾಗಿಲು. ಮಾವ ಅಂದದ್ದನ್ನು ಸಹಿಸಿದೆ. ಮಂತ್ರಿ ಅಂದದ್ದನ್ನೂ ಸಹಿಸಿದೆ. ಬಾಗಿಲು ಅಂದದ್ದನ್ನು ಮಾತ್ರ ಸಹಿಸಲಿಲ್ಲ. ಹತ್ತಿರ ಬಂದು ಕೂತು ಕೇಳಿ. ನಡುವೆ "ಅದು ಹೇಗೆ ಸಾಧ್ಯ?" ಅಂದವರು ಎದ್ದು ಹೋಗಿ ಸೌದೆ ತರಬೇಕು.

ಊರಿನ ಹೆಸರು ತಾಳಪುರ. ರಾಜನ ಹೆಸರು ಹಾವುಗೆರಾಯ. ಮರದ ಹಾವುಗೆ ಬಿಟ್ಟು ಬೇರೇನನ್ನೂ ಮೆಟ್ಟಿದವನಲ್ಲ. ಸ್ನಾನಕ್ಕೂ ಹಾವುಗೆ, ನಿದ್ದೆಗೂ ಹಾವುಗೆ.

ಒಮ್ಮೆ ಆ ಊರಿಗೆ ಟೆಂಟ್ ಸಿನಿಮಾ ಬಂತು. ಹಾಲಿವುಡ್ ಅನ್ನುವ ದೂರದೂರಿನ ಹಳೇ ಚಿತ್ರಗಳು. ಅದರಲ್ಲಿ ಗಂಡಸರು ಉದ್ದನೆಯ ಟೋಪಿ ಹಾಕಿಕೊಂಡು ಬೂಟಿನಲ್ಲಿ ಟಕಟಕ ಕುಣಿಯುತ್ತಾರೆ. ಹೆಂಗಸರು ಮೆಟ್ಟಿಲು ಇಳಿಯುತ್ತಾರೆ. ಇಳಿಯುತ್ತಲೇ ಇರುತ್ತಾರೆ. ಅಷ್ಟೊತ್ತು ಮೇಲೆ ಏನು ಮಾಡುತ್ತಿದ್ದೆ ಅಂತ ಯಾರೂ ಕೇಳುವುದಿಲ್ಲ. ಪ್ರೀತಿ ಹುಟ್ಟಿದ ಕೂಡಲೇ ಎಲ್ಲಿಂದಲೋ ಪಿಟೀಲಿನವರು ದಂಡಾಗಿ ಬಂದುಬಿಡುತ್ತಾರೆ.

ಅಲ್ಲಿಗೆ ರಾಜನ ನೆಮ್ಮದಿ ಹೋಯಿತು. ಸಿನಿಮಾದವನು ರೀಲು ಸುತ್ತಿಕೊಂಡು ಹೊರಟಾಗ ಅವನ ಡೇರೆಯನ್ನು ರಾಜ ಹಿಡಿದಿಟ್ಟುಕೊಂಡ.

"ನಮಗೂ ಇಂಥದ್ದೊಂದು ಬೇಕು" ಅಂದ. "ಬರೆದ ಚಿತ್ರಗಳೇ ಕುಣಿಯಬೇಕು, ಬರೆದ ಚಿತ್ರಗಳೇ ಹಾಡಬೇಕು. ಹೊಚ್ಚ ಹೊಸದಾಗಿರಬೇಕು, ಯಾರೂ ಕಂಡಿರಬಾರದು. ಆದರೆ ಕಂಡ ಕೂಡಲೇ, ಅಯ್ಯೋ, ಇದನ್ನು ಅಜ್ಜಿಯ ತೊಡೆ ಮೇಲೆ ಕೂತು ನೋಡಿದ್ದೆನಲ್ಲ ಅನ್ನಿಸಬೇಕು."

ಮಂತ್ರಿ ಸುಬ್ಬಾಜಪ್ಪ ಯೋಜನೆ ಹಾಕಿದ. ಆ ಯೋಜನೆಗೆ ಇನ್ನೊಂದು ಯೋಜನೆ ಹಾಕಿದ. ಎರಡೂ ಯೋಜನೆಗಳಿಗೆ ಜಗಳವಾಗದಂತೆ ಮತ್ತೊಂದು ಯೋಜನೆ ಹಾಕಿದ. ಊರಿನ ಕಾಗದವೆಲ್ಲ ಖಾಲಿಯಾಯಿತು. ಚಿತ್ರ ಮಾತ್ರ ಒಂದೂ ಇಲ್ಲ.

ನಾನು ಆಗ ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೆಣಸು ಜೀರಿಗೆ ಕಟ್ಟಿ ಬಂದ ಕಾಗದಗಳನ್ನು ಬಿಡಿಸಿ ಬಿಡಿಸಿ ಓದು ಕಲಿತವಳು. ಹಾಗಾಗಿ ನನಗೆ ಎಷ್ಟೋ ಕತೆಗಳ ನಡುವಿನ ಭಾಗ ಗೊತ್ತು. ಮೊದಲು, ಕೊನೆ ನಾನೇ ಹಾಕಿಕೊಂಡದ್ದು. ಅರಮನೆಗೆ ಹೋಗಿ "ನಾನು ಮಾಡ್ತೀನಿ ಬುದ್ಧೀ" ಅಂದೆ.

ಆಗಲೇ ನೋಡಿ, ಬಾಗಿಲು ಕಿರ್ರ್ ಎಂದು ನಕ್ಕದ್ದು. "ನೀನಾ? ಮುದ್ದೆ ತೊಳಸೋ ಕೈಲಿ ಸಿನಿಮಾನಾ? ನಿನ್ನ ಕೈಲಾಗೋ ಕೆಲಸ ಅಲ್ಲ ಕಣಮ್ಮ."

"ಬಾಗಿಲಿದ್ದೀಯ, ಬಾಗಿಲ ಹಾಗಿರು" ಅಂದೆ.

ರಾಜ ಕೇಳಿದ: "ಗೆದ್ದರೆ ಏನು ಬೇಕಮ್ಮ ದೊಡ್ಡತಾಯಮ್ಮ?"

"ಡೇರೆ ಬೇಕು."

"ಸೋತರೆ?"

ಬಾಗಿಲೇ ಬಾಯಿ ಹಾಕಿತು. "ಅವಳ ದನಿ ನನಗೆ ಕೊಡಿಸಿ ಬುದ್ಧೀ. ಹುಟ್ಟಿದಾಗಿನಿಂದ ಕಿರ್ರ್ ಅಂತಲೇ ಇದ್ದೀನಿ. ನನಗೂ ಹಾಡೋ ಆಸೆ ಇರಲ್ವಾ?"

ರಾಜ ಹೂಂ ಅಂದ. ಒಲೆಯ ಮುಂದೆ ಹಾಡಿಕೊಂಡೇ ಬದುಕಿದವಳು ನಾನು. ಆ ದನಿ ಹೋದರೆ ಉಳಿಯುವುದು ಹೊಗೆ ಮಾತ್ರ. ಆದರೂ ಹೂಂ ಅಂದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಸಭೆ ಕರೆದೆ. "ಟೋಪಿ ಇರೋ ಹೀರೋ ಬೇಕು. ಯಾರಿದ್ದೀರಿ?"

ಬದನೆಕಾಯಿ ಮುಂದೆ ಬಂತು. "ನಾನು ಟೋಪಿ ಹಾಕ್ಕೊಂಡೇ ಹುಟ್ಟಿದವನು ಅಕ್ಕಾ."

ಅವನೇ ಹೀರೋ ಆದ. ಹೀರೋಯಿನ್ ಯಾರು? ರುಬ್ಬುಗುಂಡು "ನಾನು ಚೆನ್ನಾಗಿ ತಿರುಗ್ತೀನಿ" ಅಂದಿತು. ತಿರುಗುತ್ತದೆ ನಿಜ, ಆದರೆ ಮೆಟ್ಟಿಲು ಇಳಿದರೆ ಮೆಟ್ಟಿಲೇ ಉಳಿಯುವುದಿಲ್ಲ. ಸಣ್ಣ ಸೊಂಟದ ಸೌಟನ್ನು ಆರಿಸಿದೆ. ಸೌಟು ನಾಚಿ ಸಾರಿನೊಳಗೆ ಮುಳುಗಿತು. ಇಡ್ಲಿ ಸ್ಟ್ಯಾಂಡನ್ನು ಮೆಟ್ಟಿಲು ಮಾಡಿದೆ. ಹಪ್ಪಳವನ್ನು ಚಂದ್ರ ಮಾಡಿದೆ. ಒಗ್ಗರಣೆಯ ಸಾಸಿವೆ "ಪಿಟೀಲಿನವರು ನಾವೇ" ಎಂದು ಹಾರಿ ಹಾರಿ ಹೇಳಿತು.

ಬರೆಯಲು ಕಾಗದ ಬೇಕಲ್ಲ? ಮಂತ್ರಿ ಮುಗಿಸಿಬಿಟ್ಟಿದ್ದ. ಮುತ್ತುಗದ ಊಟದ ಎಲೆಗಳು ರಾಶಿ ಇದ್ದವು, ಅವುಗಳ ಮೇಲೇ ಬರೆಯುವುದು ಅಂದುಕೊಂಡೆ. ಮಸಿ? ಅದನ್ನೂ ಯೋಜನೆ ಕುಡಿದಿತ್ತು.

ಆಗ ನನ್ನ ಜಡೆ ಬೆನ್ನಿನಿಂದ ಹೆಗಲಿಗೆ ಬಂದು ಕಿವಿಯಲ್ಲಿ ಅಂದಿತು: "ಏನೇ ತಾಯಕ್ಕ, ಇಷ್ಟು ಕಪ್ಪು ಬೆನ್ನ ಮೇಲೆ ಹೊತ್ಕೊಂಡು ಮಸಿ ಹುಡುಕ್ತೀಯಲ್ಲೇ. ನನ್ನ ತಗೋ."

"ನಿನ್ನ ಕಪ್ಪು ಹೋದರೆ?"

"ಹೋದರೆ ಹೋಯ್ತು. ಎಣ್ಣೆ ಹಚ್ಚಿ ಹಚ್ಚಿ ಬೆಳೆಸಿದ್ದು ಯಾತಕ್ಕೆ? ಮೀಸಲಿಡೋಕಾ?"

ಎಲೆಗೊಂದು ಚಿತ್ರ, ಚಿತ್ರಕ್ಕೊಂದಿಷ್ಟು ಕಪ್ಪು. ಒಂದರಲ್ಲಿ ಸೌಟು ಕಾಲೆತ್ತುತ್ತದೆ. ಮುಂದಿನದರಲ್ಲಿ ಕೂದಲೆಳೆಯಷ್ಟು ಹೆಚ್ಚು ಎತ್ತುತ್ತದೆ. ಬರೆಯುವಾಗ ಜಡೆ ಹರಟುತ್ತಿತ್ತು, "ಅಯ್ಯೋ, ಬದನೆಕಾಯಿಗೆ ಹೊಟ್ಟೆ ಜಾಸ್ತಿ ಆಯ್ತು, ಒಳಕ್ಕೆ ಎಳ್ಕೊಳ್ಳೋಕೆ ಹೇಳು" ಅನ್ನುತ್ತಿತ್ತು. ಬುಡದಿಂದ ಬಿಳಿ ಇಳಿಯುತ್ತಾ ಬಂದ ಹಾಗೆ ಅದರ ಮಾತು ಸಣ್ಣದಾಯಿತು. ಕೊನೆಯ ಎಲೆಯಲ್ಲಿ ಬದನೆಕಾಯಿ ಟೋಪಿ ತೆಗೆದು ನಮಸ್ಕರಿಸಬೇಕು. ಜಡೆಯ ತುದಿಯಲ್ಲಿ ಒಂದೇ ಒಂದು ಚುಕ್ಕೆ ಕಪ್ಪು ಉಳಿದಿತ್ತು. "ಟೋಪಿಗೆ ಹಾಕೇ" ಅಂದಿತು ಜಡೆ. ಹಾಕಿದೆ.

ಮಾರನೆಯ ದಿನ ಡೇರೆಯೊಳಗೆ ಎಲೆಗಳನ್ನು ಸಾಲಾಗಿ ಕೂರಿಸಿದೆ. ರಾಜ ಸಿಂಹಾಸನದಲ್ಲಿ ಕೂತ. ನೋಡಲು ಬಾಗಿಲನ್ನೂ ಕಳಚಿ ಹೊತ್ತು ತಂದಿದ್ದರು. "ಒಬ್ಬೊಬ್ಬರಾಗಿ ಏಳ್ರಪ್ಪ" ಅಂದೆ ಎಲೆಗಳಿಗೆ.

ಯಾವುದೂ ಏಳಲಿಲ್ಲ.

ಎಡವಟ್ಟಾದದ್ದು ಅಲ್ಲೇ. ಅವು ಊಟದ ಎಲೆಗಳು. ಅವಕ್ಕೆ ಗೊತ್ತಿದ್ದದ್ದು ಪಂಕ್ತಿಯ ಮರ್ಯಾದೆ ಒಂದೇ. ಪಕ್ಕದವರ ಊಟ ಮುಗಿಯುವ ಮೊದಲು ಎದ್ದರೆ ಕುಲಕ್ಕೇ ಕೆಟ್ಟ ಹೆಸರು.

"ನೀನು ಏಳು" ಅಂದಿತು ಮೊದಲ ಎಲೆ.

"ಛೆ, ನೀವು ದೊಡ್ಡವರು, ನೀವೇಳಿ" ಅಂದಿತು ಎರಡನೆಯದು.

"ಹಾಗಾದರೆ ಎಲ್ಲರೂ ಒಟ್ಟಿಗೇ ಏಳೋಣ" ಅಂದವು ಎಲ್ಲವೂ.

ಭರ್ರ್ ಎಂದು ಒಟ್ಟಿಗೇ ಎದ್ದವು! ಇಡೀ ಸಿನಿಮಾ ರೆಪ್ಪೆ ಬಡಿಯುವುದರಲ್ಲಿ ಮುಗಿಯಿತು. ರಾಜನಿಗೆ ಕಂಡದ್ದು ಎಲೆಗಳ ಬೆನ್ನು ಮಾತ್ರ.

"ಇಂಟರ್ವಲ್ಲಾ?" ಎಂದು ಕೇಳಿದ.

"ಮುಗೀತು ಬುದ್ಧೀ" ಅಂದ ಮಂತ್ರಿ, ಬಾಯಿತುಂಬ ನಗುತ್ತಾ. ಬಾಗಿಲು ಆಗಲೇ ಗಂಟಲು ಸರಿಮಾಡಿಕೊಳ್ಳತೊಡಗಿತು. ಭಟರು ನನ್ನ ದನಿ ಹಿಡಿಯಲು ಚೊಂಬು ತಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪಂಕ್ತಿ ಕೆಟ್ಟರೆ ಬರುವ ಸಿಟ್ಟು.

"ಏನ್ರೋ, ಬಡಿಸೋ ಮೊದಲೇ ಎದ್ದಿರಾ? ನಾಚಿಕೆ ಆಗಲ್ವಾ? ಕೂತ್ಕೊಳ್ಳಿ!" ಎಂದು ಕೂಗಿದೆ. ಎಲೆಗಳು ಗಾಬರಿಯಿಂದ ಸಾಲಾಗಿ ಕೂತವು. ರಾಜನ ಕಡೆ ತಿರುಗಿದೆ.

"ಬುದ್ಧೀ, ಪಂಕ್ತೀಲಿ ಓಡಾಡೋವ್ರು ಯಾರು? ಉಣ್ಣೋವ್ರಾ, ಬಡಿಸೋವ್ರಾ?"

"ಬಡಿಸೋವ್ರು."

"ಮತ್ತೆ ನೀವ್ಯಾಕೆ ಕೂತಿದ್ದೀರಿ? ಎದ್ದೇಳಿ!"

ಖಾಲಿ ಪಾಯಸದ ಬಕೆಟ್ಟನ್ನು ರಾಜನ ಕೈಗೆ ಕೊಟ್ಟೆ. "ಎಲೆ ನೋಡ್ಕೊಂಡು ಓಡಿ. ಒಂದನ್ನೂ ಬಿಡಬೇಡಿ. ನಿಲ್ಲಬೇಡಿ."

ರಾಜ ಓಡಿದ. ನಾನು ದನಿಯೆತ್ತಿ ಹಾಡಿದೆ:

ಟೋಪಿರಾಯ ಟೋಪಿರಾಯ, ಎಣ್ಣೆಗೆ ನೀನು ಅಂಜಬೇಡ,
ಸೌಟಮ್ಮಂದು ಸಣ್ಣ ಸೊಂಟ, ಗಟ್ಟಿಯಾಗಿ ಹಿಡೀಬೇಡ!

ಓಡುವ ರಾಜನ ಕಣ್ಣಲ್ಲಿ ಎಲೆಗಳು ಒಂದರೊಳಗೊಂದು ಸೇರಿಕೊಂಡವು. ಸೌಟು ಮೆಟ್ಟಿಲು ಇಳಿಯಿತು. ಬದನೆಕಾಯಿ ಟೋಪಿ ಎತ್ತಿ ಗಿರ್ರನೆ ಸುತ್ತಿತು. ಹಪ್ಪಳದ ಚಂದ್ರ ಉಬ್ಬಿತು. ಕುಣಿತಕ್ಕೆ ಟಕಟಕ ಸದ್ದು ಎಲ್ಲಿಂದ ಬಂತು ಅಂತೀರಿ? ರಾಜನ ಹಾವುಗೆಯಿಂದ! ಟಕ ಟಕ ಟಕಟಕ. ಅವನು ಜೋರಾಗಿ ಓಡಿದರೆ ಜೋರು ಕುಣಿತ, ಏದುಸಿರು ಬಿಟ್ಟು ನಿಧಾನವಾದರೆ ವಿರಹ.

"ಅಜ್ಜೀ!" ಎಂದು ಕೂಗಿದ ರಾಜ. ಸಾಲಿನ ತುದಿ ಮುಟ್ಟಿದವನೇ ಮತ್ತೆ ಮೊದಲಿಗೆ ಬಂದು ಓಡಿದ. ಹಿಂದೆ ಮಂತ್ರಿ ಓಡಿದ, ಭಟರು ಓಡಿದರು, ಊರೇ ಓಡಿತು. ಕಾಲಿಲ್ಲದ ಬಾಗಿಲು ಕಿರ್ರ್ ಎಂದು ಅತ್ತಿತು. ಪಾಪ ಅನ್ನಿಸಿ ಇಬ್ಬರ ಹೆಗಲ ಮೇಲೆ ಹೊರಿಸಿ ಅದನ್ನೂ ಓಡಿಸಿದೆ.

ಈ ಕತೆಯ ನೀತಿ ಏನೆಂದರೆ, ಬದನೆಕಾಯಿ ಹೆಚ್ಚುವ ಮೊದಲು ಅದಕ್ಕೆ ಕುಣಿತ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರುವುದಿಲ್ಲ ಅಂದರೆ ಎಣ್ಣೆಗಾಯಿ ಮಾಡಿ. ನಾನು ಹೇಳಿದ್ದು ನಿಮ್ಮ ಕಿವಿಗೆ, ನೀವು ನಕ್ಕದ್ದು ನನ್ನ ಒಲೆಗೆ.

ಆ ಡೇರೆ ಈಗ ನನ್ನದು. ಗೂಟ, ಹಗ್ಗ, ಮೇಲಿನ ತೂತುಗಳ ಸಮೇತ ನನ್ನದು. ಒಳಗೆ ಕುರ್ಚಿ ಹಾಕಿಸಿಲ್ಲ. ನೋಡಬೇಕಾದವರು ಓಡಬೇಕು. ಅದಕ್ಕೆ ನಾನು ಕೊಟ್ಟದ್ದು ಜಡೆಯ ಕಪ್ಪು, ಅಷ್ಟೂ. ಬಿಳಿ ಜಡೆ ಬೆನ್ನ ಮೇಲೆಯೇ ಇದೆ. ದಿನಾ ಎಣ್ಣೆ ಹಚ್ಚುತ್ತಾ ಅವತ್ತಿನ ಆಟ ಹೇಗಾಯಿತೆಂದು ಅದಕ್ಕೆ ಹೇಳುತ್ತೇನೆ. ಅದು ಮಾತಾಡುವುದಿಲ್ಲ.