ಮರ ಹತ್ತುವವನ ಕೂಗು

"ಅಯ್ಯಾ, ಕಾಮವನ್ನು ಗೆಲ್ಲೋದು ಹೇಗೆ?"

ಸಂದ್ಯಾಗಪ್ಪ ಹೀಗೆ ಕೇಳಿದಾಗ ಜ್ಞಾನಪ್ಪನವರು ಕ್ರೈಸ್ತ ದೇವಾಲಯದ ಹಿಂದಿನ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರು ಆ ಸೀಮೆಯ ಹಳೆಯ ಉಪದೇಶಿ. ಗುರುಗಳು ದಿನಾ ಬರಲಾಗದ ಊರುಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ರೋಗಿಗಳ ಮನೆಗೆ ಹೋಗಿ ಅವರ ಪಕ್ಕದಲ್ಲಿ ಕೂರುವುದು ಉಪದೇಶಿಯ ಕೆಲಸ. ಈಗ ಅವರಿಗೆ ವಯಸ್ಸಾಗಿತ್ತು. ಹೊಸಬರಿಗೆ ಆ ಕೆಲಸವನ್ನು ಕಲಿಸಿಕೊಡುತ್ತಿದ್ದರು. ಸಂದ್ಯಾಗಪ್ಪ ಅಂಥ ಹೊಸಬರಲ್ಲಿ ಒಬ್ಬ. ಮದುವೆಯಾದವನು, ಕಷ್ಟಪಟ್ಟು ಕೆಲಸ ಮಾಡುವವನು, ತನ್ನ ಬಗ್ಗೆ ತುಸು ಹೆಚ್ಚೇ ಯೋಚಿಸುವವನು.

ರೋಗಿಯ ಮನೆಗೆ ಉಪದೇಶಿ ತನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗುವುದು ಆ ಕಡೆಯ ರೂಢಿ. ಅವನು ಜಪ ಹೇಳಿದರೆ ಅವಳು ರೋಗಿಯ ತಲೆ ಬಾಚುತ್ತಾಳೆ, ಹಾಸಿಗೆ ಕೊಡವುತ್ತಾಳೆ, ಮನೆಯ ಹೆಂಗಸರ ಕಷ್ಟಸುಖ ಕೇಳುತ್ತಾಳೆ. ಜ್ಞಾನಪ್ಪನವರೂ ಹಾಗೆಯೇ ಮಾಡಿದ್ದರು, ಸಂದ್ಯಾಗಪ್ಪನಿಗೂ ಹಾಗೆಯೇ ಕಲಿಸಿದ್ದರು.

"ಯಾಕೆ ಕೇಳ್ತಿದ್ದೀಯ?" ಎಂದರು ಜ್ಞಾನಪ್ಪನವರು.

ಸಂದ್ಯಾಗಪ್ಪ ಮುಚ್ಚಿಡಲಿಲ್ಲ. "ಕೆರೆ ಬೀದಿ ಆರೋಗ್ಯಮ್ಮನ ಮನೆ ಅಯ್ಯಾ. ಆ ಅಜ್ಜಿ ಹಾಸಿಗೆ ಹಿಡಿದಿದ್ದಾರಲ್ಲ, ಭಾನುವಾರ ಭಾನುವಾರ ಹೋಗ್ತಿದ್ದೆ. ಆ ಮನೆ ಸೊಸೆ ಮೇಲೆ ನನ್ನ ಕಣ್ಣು ಹೋಗುತ್ತೆ. ಜಪದ ಮಧ್ಯೆ ಮಾತು ತಪ್ಪುತ್ತೆ. ಅವಳೂ ಒಂದಿಷ್ಟು ಸೆರಗು ಸರಿ ಮಾಡ್ಕೊಂಡು ಓಡಾಡಬಾರದಾ? ಅದಕ್ಕೇ ಆ ಬೀದಿಗೆ ಹೋಗೋದನ್ನೇ ಬಿಟ್ಟೆ. ಪಾಪದಿಂದ ದೂರ ಇರೋದು ಒಳ್ಳೇದಲ್ವಾ? ಆ ಮನೇನ ಬೇರೆ ಯಾರಿಗಾದರೂ ಒಪ್ಪಿಸಿಬಿಡಿ."

"ಆರೋಗ್ಯಮ್ಮ ಹೇಗಿದ್ದಾಳೆ?"

"ಗೊತ್ತಿಲ್ಲ ಅಯ್ಯಾ. ನಾನು ಹೋಗಿಲ್ಲವಲ್ಲ."

ಜ್ಞಾನಪ್ಪನವರು ಅವರೆಕಾಯಿಯ ರಾಶಿಯಲ್ಲಿ ಅರ್ಧವನ್ನು ಅವನ ಕಡೆಗೆ ತಳ್ಳಿದರು. "ಕೂತ್ಕೊ. ಕೈ ಕೆಲಸ ಮಾಡ್ತಿರಲಿ, ಒಂದು ಕತೆ ಹೇಳ್ತೀನಿ," ಎಂದರು. ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಮರ ಹತ್ತುವವನಿದ್ದ. ತೆಂಗಿನಕಾಯಿ ಕೀಳುವುದು ಅವನ ಕಸುಬು, ಅವನ ಅಪ್ಪನದೂ ಅದೇ ಕಸುಬು. ಆ ಊರಿನಲ್ಲಿ ತೆಂಗಿನಮರ ಇಲ್ಲದ ಹಿತ್ತಲಿರಲಿಲ್ಲ. ಹಿತ್ತಲಲ್ಲೇ ಬಚ್ಚಲು. ಸುತ್ತಲೂ ಗರಿಯ ತಡಿಕೆ, ಮೇಲೆ ಬರೀ ಆಕಾಶ. ನೆಲದ ಮೇಲೆ ನಡೆಯುವವನಿಗೆ ಒಳಗಿನದು ಏನೂ ಕಾಣದು. ಮರದ ಮೇಲಿದ್ದವನಿಗೆ ಎಲ್ಲವೂ ಕಾಣುತ್ತದೆ.

ಅದಕ್ಕೆ ಅಲ್ಲಿ ಒಂದು ಕಟ್ಟುಪಾಡಿತ್ತು. ಮರ ಹತ್ತುವವನು ಬುಡದಲ್ಲಿ ನಿಂತು, ಅಕ್ಕಪಕ್ಕದ ಹಿತ್ತಲುಗಳಿಗೆಲ್ಲ ಕೇಳುವಂತೆ, "ಮರ ಹತ್ತೀನ್ರವ್ವೋ!" ಎಂದು ಕೂಗಬೇಕು. ಬಚ್ಚಲಲ್ಲಿ ಯಾರಾದರೂ ಇದ್ದರೆ "ತಾಳಪ್ಪೋ" ಎನ್ನುತ್ತಾರೆ. ಇಲ್ಲದಿದ್ದರೆ "ಹತ್ತಪ್ಪೋ" ಎನ್ನುತ್ತಾರೆ. ಉತ್ತರ ಬರುವ ತನಕ ಮರವನ್ನು ಮುಟ್ಟುವಂತಿಲ್ಲ. ಅವನ ಅಪ್ಪ ಮೊದಲು ಕಲಿಸಿದ್ದು ಹತ್ತುವುದನ್ನಲ್ಲ, ಕೂಗುವುದನ್ನು.

ಕೂಗಿ ಕೂಗಿ ಸಂಜೆಯ ಹೊತ್ತಿಗೆ ಅವನ ಗಂಟಲು ಕಟ್ಟಿಹೋಗಿರುತ್ತಿತ್ತು. ಹೆಂಡತಿ ಮೆಣಸು ಬೆಲ್ಲ ಹಾಕಿ ನೀರು ಕಾಯಿಸಿ ಕೊಡುತ್ತಿದ್ದಳು. ಅದನ್ನು ಕುಡಿದು ಅವನು ಒಡಕು ದನಿಯಲ್ಲಿ ಸಂಜೆಯ ಜಪ ಹೇಳಿದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವನೂ ನಗುತ್ತಿದ್ದ. ಅವರ ಸಂಸಾರ ಚೆನ್ನಾಗಿತ್ತು.

ಒಂದು ದಿನ ಊರಂಚಿನ ಮನೆಯ ಹಿತ್ತಲಲ್ಲಿ ನಿಂತು ಕೂಗಿದ. ಉತ್ತರ ಬರಲಿಲ್ಲ. ಗಾಳಿ ಬೀಸುತ್ತಿತ್ತು, ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ಕೂಗಬೇಕಿತ್ತು. ಕೂಗಲಿಲ್ಲ, ಹತ್ತಿದ. ಮೇಲೆ ಹೋಗಿ ಕೆಳಗೆ ನೋಡಿದರೆ ಆ ಮನೆಯ ಸೊಸೆ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಉತ್ತರಕ್ಕೆ ಕಾಯದೆ ಹತ್ತಿದ್ದು ಆತುರ. ಕಣ್ಣು ಅಲ್ಲೇ ನಿಂತದ್ದು ಆತುರವಲ್ಲ.

ಮುಂದಿನ ಸಲ ಅವನು ಕೂಗಿದ್ದು ತಡಿಕೆಯನ್ನು ದಾಟಲಿಲ್ಲ. ಆಮೇಲಿನ ಸಲ ಬರೀ ಕೆಮ್ಮಿದ. ಆಮೇಲೆ ಅದೂ ಇಲ್ಲ. ಯಾರಾದರೂ ಕೇಳಿದ್ದರೆ, ಕೂಗಿದೆನಲ್ಲ ಎಂದು ವಾದ ಮಾಡಲು ಸಿದ್ಧನಾಗಿದ್ದ. ಯಾರೂ ಕೇಳಲಿಲ್ಲ. ಮರ ಹತ್ತುವವನನ್ನು ಆ ಊರಿನಲ್ಲಿ ಯಾರೂ ಯಾವತ್ತೂ ಅನುಮಾನದಿಂದ ನೋಡಿರಲಿಲ್ಲ.

ಒಂದು ಮನೆಯಲ್ಲಿ ಬಿಟ್ಟ ಅಭ್ಯಾಸ ಬೇರೆ ಮನೆಗಳಲ್ಲೂ ತಾನಾಗಿ ಬಿಟ್ಟುಹೋಯಿತು. ಹೆಂಡತಿ ಒಂದು ಸಂಜೆ ನೀರಿನ ಲೋಟ ಹಿಡಿದು ನಿಂತು, "ಏನು, ಈಚೀಚೆಗೆ ನಿಮ್ಗೆ ಗಂಟ್ಲೇ ಕಟ್ಟಲ್ಲ?" ಎಂದಳು. "ಹವೆ ಚೆನ್ನಾಗಿದೆ," ಎಂದ. ಅವಳು ಕಾಯಿಸಿದ ನೀರನ್ನು ಹಿತ್ತಲಿಗೆ ಚೆಲ್ಲಿದಳು. ಅವತ್ತು ಜಪ ಹೇಳುವಾಗ ದನಿ ಒಂದಿಷ್ಟೂ ಒಡೆಯಲಿಲ್ಲ. ಆ ನಯವಾದ ದನಿ ಅವನಿಗೇ ಹೇಸಿಗೆಯೆನಿಸಿತು.

ಅವನು ದೇವರಿಗೆ ಹೆದರುವ ಮನುಷ್ಯ. ಸುಮ್ಮನಿರಲಾಗಲಿಲ್ಲ. ಆದರೆ ತಪ್ಪನ್ನು ಹುಡುಕುವವನು ಮೊದಲು ಪಕ್ಕದ ಮನೆಯಲ್ಲಿ ಹುಡುಕುತ್ತಾನೆ. ಅವನು ಆ ಮನೆಯ ಅತ್ತೆಯ ಬಳಿ ಹೋಗಿ, "ಅವ್ವಾ, ಬಚ್ಚಲಿಗೆ ಮೇಲೊಂದು ಹೊದಿಕೆ ಹಾಕಿಸಬಾರದಾ?" ಎಂದ.

ಆಕೆ ನಕ್ಕಳು. "ಯಾಕಪ್ಪ? ತಡಿಕೆ ಕೆಳಗೆ ಓಡಾಡೋರಿಗೆ. ಮೇಲೆ ಹತ್ತೋರಿಗೆ ಅವರ ಕೂಗೇ ತಡಿಕೆ. ನೀನು ಕೂಗ್ತೀಯಲ್ಲ, ನಮಗ್ಯಾಕೆ ಹೊದಿಕೆ?"

ಆಕೆ ಚುಚ್ಚಲು ಹೇಳಿದ ಮಾತಲ್ಲ ಅದು. ನಂಬಿ ಹೇಳಿದ ಮಾತು. ಅವನು ತಲೆ ತಗ್ಗಿಸಿಕೊಂಡು ಬಂದ.

ಆಮೇಲೆ ಭಾರವನ್ನು ದೇವರ ಮೇಲೆ ಹಾಕಿದ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಒಂದೇ ಹೊತ್ತು ಉಂಡ. "ದೇವರೇ, ಈ ಆಸೆಯನ್ನು ನನ್ನಿಂದ ಕಿತ್ತುಹಾಕು," ಎಂದು ಬೇಡಿಕೊಂಡು, ಹುಳುಕು ಹಲ್ಲು ಕೀಳಿಸಿಕೊಳ್ಳಲು ಕೂತವನ ಹಾಗೆ ಕಾದ. ಗುರುಗಳ ಬಳಿ ಪಾಪನಿವೇದನೆಗೂ ಹೋದ. ಅಲ್ಲಿ, "ಕೆಟ್ಟ ಯೋಚನೆಗಳು ಬರುತ್ತವೆ ಸ್ವಾಮಿ," ಎಂದು ಹೇಳಿದ. ಕೂಗುವುದನ್ನು ಬಿಟ್ಟಿದ್ದೇನೆ ಎಂದು ಹೇಳಲಿಲ್ಲ. ಯೋಚನೆಯಾದರೆ ತಾನಾಗಿ ಬರುವಂಥದ್ದು. ಕೂಗು ತಾನು ಬಿಟ್ಟದ್ದು. ದೇವರು ಅವನಿಗೆ ಗಂಟಲು ಕೊಟ್ಟು ಎಷ್ಟೋ ಕಾಲವಾಗಿತ್ತು. ಅದನ್ನು ಬಳಸದೆ ಅವನು ಹೊಸ ಹೃದಯ ಕೊಡು ಎಂದು ಕೇಳುತ್ತಿದ್ದ.

ಕೊನೆಗೆ ಆ ಮನೆಯ ಮರಗಳನ್ನೇ ಬಿಟ್ಟ. ಬಾ ಎಂದು ಹೇಳಿ ಕಳಿಸಿದರೆ ಕಾಲುನೋವು ಎಂದ. ಒಬ್ಬನು ಹತ್ತುವ ಮರವನ್ನು ಇನ್ನೊಬ್ಬ ಮುಟ್ಟುವುದು ಅಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಬೇರೆ ಯಾರೂ ಹತ್ತಲಿಲ್ಲ. ಅವನಿಗೆ ಮಾತ್ರ ನಿರಾಳವಾಯಿತು. ಊಟ ರುಚಿಸಿತು. ಕಾಮವನ್ನು ಗೆದ್ದೆ ಎಂದುಕೊಂಡ.

ಇಲ್ಲಿಗೆ ಬಂದಾಗ ಸಂದ್ಯಾಗಪ್ಪ ಹೌದೆನ್ನುವಂತೆ ತಲೆಯಾಡಿಸಿದ. ಜ್ಞಾನಪ್ಪನವರು ಅವನ ಕಡೆ ನೋಡದೆ ಮುಂದುವರಿಸಿದರು.

ಒಂದು ಮುಸ್ಸಂಜೆ ಆ ಸೊಸೆಯೇ ಅವನ ಮನೆ ಬಾಗಿಲಿಗೆ ಬಂದಳು. ಸೊಂಟದ ಮೇಲೆ ಕೂಸಿತ್ತು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸಿಲಾಚೆಯೇ ನಿಂತು ಹೇಳಿದಳು:

"ಅಣ್ಣಾ, ನಮ್ಮಿಂದ ಏನಾರ ತಪ್ಪಾಯ್ತಾ? ಯಾಕಣ್ಣ ನಮ್ಮನೆ ಕಡೆ ಬರೋದೇ ಬಿಟ್ಬಿಟ್ಟೆ? ಇವತ್ತು ಬೆಳಿಗ್ಗೆ ಮಗೀಗೆ ನೀರು ಹಾಕ್ತಾ ಇದ್ದೆ. ಒಣಗಿದ ಕಾಯಿ ಬಿದ್ದು ಪಕ್ಕದಲ್ಲಿದ್ದ ಗಡಿಗೆ ಚೂರಾಗೋಯ್ತು. ಒಂದು ಗೇಣು ಈಚೆಗೆ ಬಿದ್ದಿದ್ರೆ ಮಗ ಇರ್ತಿರ್ಲಿಲ್ಲ. ನಾನೇನಾರ ತಪ್ಪು ಮಾಡಿದ್ರೆ ಕಾಲಿಗೆ ಬೀಳ್ತೀನಿ, ಬಂದು ಕಿತ್ಕೊಡಣ್ಣ."

ಅವನು ಕೂಸನ್ನು ನೋಡಿದ. ಆ ಕೂಸು ಇರುವುದೇ ಅವನಿಗೆ ಗೊತ್ತಿರಲಿಲ್ಲ. ಅಷ್ಟು ಸಲ ಮೇಲಿನಿಂದ ನೋಡಿದ್ದ; ಅದು ಅಲ್ಲೇ ಬಚ್ಚಲಲ್ಲಿ, ಅವಳ ಕಾಲ ಬಳಿ ಕೂತಿತ್ತು. ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಮುಖವನ್ನೂ ಅವನು ಸರಿಯಾಗಿ ನೋಡಿದ್ದು ಅವತ್ತೇ. ನಿದ್ದೆಗೆಟ್ಟ, ಹೆದರಿದ ಮುಖ.

ಅವನಿಗೆ ನಾಚಿಕೆಯಾಯಿತು. ಅಳು ಬಂತು. ಕಾಲಿಗೆ ಬೀಳಬೇಕಾದವನು ತಾನು, ಬೀಳುತ್ತೇನೆ ಎನ್ನುತ್ತಿರುವವಳು ಅವಳು. ಮರವನ್ನು ಬಿಟ್ಟಾಗ ಅವನು ಯೋಚಿಸಿದ್ದು ತನ್ನ ಆತ್ಮದ ಬಗ್ಗೆ ಮಾತ್ರ. ಅದನ್ನು ಕಾಪಾಡಿಕೊಳ್ಳಲು ಹೋಗಿ ಒಂದು ಕೂಸನ್ನು ಒಣಕಾಯಿಯ ಕೆಳಗೆ ಕೂರಿಸಿದ್ದ.

"ಕತ್ತಲಾಯ್ತು ಕಣವ್ವ. ಬೆಳಿಗ್ಗೆ ಎದ್ದವನೇ ಬರ್ತೀನಿ," ಎಂದಷ್ಟೇ ಹೇಳಿದ. ಅವಳು ಹೋದಳು.

ಹೆಂಡತಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನೇ ಹೇಳಿದ, ಮೊದಲಿನಿಂದ ಕೊನೆಯವರೆಗೆ, ಗಾಳಿಯ ಮೇಲಾಗಲಿ ತಡಿಕೆಯ ಮೇಲಾಗಲಿ ತಪ್ಪು ಹೊರಿಸದೆ. ಅವಳು ಮುಖ ತಿರುಗಿಸಿ ಕೂತಳು. ಅವತ್ತು ಜಪವನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿಕೊಂಡರು. ಬೆಳಿಗ್ಗೆ ಅವನು ಹೊರಟಾಗ ಅವಳು ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಹಗ್ಗವನ್ನು ಗೂಟದಿಂದ ತೆಗೆದು ಅವನ ಕೈಗೆ ಕೊಟ್ಟಳು. "ಗಟ್ಟಿಯಾಗಿ ಕೂಗಿ," ಎಂದಳು.

ಅವನು ಆ ಮರದ ಬುಡದಲ್ಲಿ ನಿಂತ. ಬಾಯಿ ತೆರೆದ. ದನಿ ಹೊರಡಲಿಲ್ಲ. ಅಷ್ಟು ದಿನ ಕೂಗದೆ ಇದ್ದವನಿಗೆ ಕೂಗುವುದು ಹತ್ತುವುದಕ್ಕಿಂತ ಕಷ್ಟವಾಗಿತ್ತು. ಎಂಜಲು ನುಂಗಿ ಮತ್ತೆ ಬಾಯಿ ತೆರೆದ.

"ತಂಗೀ, ಮರ ಹತ್ತೀನವ್ವೋ!"

ತಂಗೀ ಎಂಬ ಮಾತು ಅವನ ಅಪ್ಪ ಕಲಿಸಿದ ಕೂಗಿನಲ್ಲಿರಲಿಲ್ಲ. ಅದನ್ನು ಅವನೇ ಸೇರಿಸಿದ. ಬೀದಿಗೆಲ್ಲ ಕೇಳಿಸಿತು.

"ತಾಳಣ್ಣೋ! ಮಗೀಗೆ ನೀರು ಹಾಕ್ತಾ ಇವ್ನಿ!" ಎಂದಳು ಒಳಗಿನಿಂದ.

ಅವನು ತಡಿಕೆಗೆ ಬೆನ್ನು ಮಾಡಿ ಕೂತ. ಒಳಗೆ ಕೂಸು ರಚ್ಚೆ ಹಿಡಿದು ಅಳುತ್ತಿತ್ತು, ತಾಯಿ ರಮಿಸುತ್ತಿದ್ದಳು. ಆಸೆ ಬರಲಿಲ್ಲವೇ ಎಂದರೆ ಬಂತು. ಬಂದು ಅವನ ಪಕ್ಕದಲ್ಲೇ ಕೂತಿತು. ಅವನು ತಲೆಯೆತ್ತಿ ಗೊನೆಯನ್ನು ನೋಡಿದ. ಯಾವ ಕಾಯಿ ಒಣಗಿದೆ, ಯಾವುದು ಬಚ್ಚಲಿನ ಮೇಲೆ ಬೀಳುವಂತಿದೆ ಎಂದು ಲೆಕ್ಕ ಹಾಕಿದ. ಆಮೇಲೆ, ಹಿಂದೆ ತಿರುಗದೆಯೇ, "ನಿಧಾನವಾಗಿ ಹಾಕವ್ವ, ನಾನು ಇಲ್ಲೇ ಇರ್ತೀನಿ. ಅದರ ಕಣ್ಣಿಗೆ ಸೀಗೆಪುಡಿ ಬೀಳದಂಗೆ ನೋಡ್ಕೊ," ಎಂದ. ಆ ಮಾತು ಹೇಳುವಾಗ ಆಸೆ ಎದ್ದು ಎಲ್ಲಿಗೆ ಹೋಯಿತೋ ಅವನು ಗಮನಿಸಲಿಲ್ಲ.

ಬಹಳ ಹೊತ್ತಿನ ಮೇಲೆ "ಹತ್ತಣ್ಣೋ" ಎಂಬ ಉತ್ತರ ಬಂತು. ಹತ್ತಿದ. ಒಣಗಿದ ಕಾಯಿ ಒಂದನ್ನೂ ಬಿಡದೆ ಕಿತ್ತ. ಜೋಲುತ್ತಿದ್ದ ಒಣಗರಿಗಳನ್ನೂ ಎಳೆದು ಹಾಕಿದ.

ಅವತ್ತು ಹತ್ತಿದ ಪ್ರತಿ ಮರದ ಬುಡದಲ್ಲೂ ಕೂಗಿದ. ಸಂಜೆ ಮನೆಗೆ ಬಂದಾಗ ಗಂಟಲಿನಿಂದ ಒಂದು ಅಕ್ಷರವೂ ಸರಿಯಾಗಿ ಹೊರಡುತ್ತಿರಲಿಲ್ಲ. ಹೆಂಡತಿಯ ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಆದರೆ ಒಲೆಯ ಮೇಲೆ ಮೆಣಸು ಹಾಕಿದ ನೀರು ಕುದಿಯುತ್ತಿತ್ತು.

ಜ್ಞಾನಪ್ಪನವರು ಕತೆ ನಿಲ್ಲಿಸಿದರು. ಅವರ ಪಾಲಿನ ಅವರೆಕಾಯಿ ಮುಗಿದಿತ್ತು. ಸಂದ್ಯಾಗಪ್ಪನ ಪಾಲು ಹಾಗೇ ಇತ್ತು.

"ಆಮೇಲೆ ಅವನಿಗೆ ಆ ಆಸೆ ಮತ್ತೆ ಬರಲೇ ಇಲ್ವಾ ಅಯ್ಯಾ?"

"ಯಾಕೆ ಬರಲ್ಲ? ಎಷ್ಟೋ ಸಲ ಬಂತು. ಬಂದಾಗೆಲ್ಲ ಇನ್ನೊಂದು ಸಲ ಕೂಗುತ್ತಿದ್ದ. ಮುದುಕನಾಗಿ, ಮರ ಹತ್ತಲಾರದೆ ಹೋಗುವ ತನಕ ಕೂಗಿದ."

ಕತೆ ಸಂದ್ಯಾಗಪ್ಪನಿಗೆ ಹಿಡಿಸಿತ್ತು. ಆದರೆ ತನಗೆ ಹೊಂದುವಂತೆ ಕಾಣಲಿಲ್ಲ. "ಅವನಾದರೆ ಕೂಗುವುದನ್ನು ಬಿಟ್ಟವನು," ಎಂದ. "ನಾನು ಏನನ್ನು ಬಿಟ್ಟಿದ್ದೀನಿ ಅಯ್ಯಾ? ಆ ಮನೆಗೆ ಹೋಗಿದ್ದೆಲ್ಲ ಜಪ ಹೇಳೋದಕ್ಕೇ."

ಜ್ಞಾನಪ್ಪನವರು ಸಿಪ್ಪೆಯನ್ನು ಒಂದು ಕಡೆಗೆ ಗುಡಿಸಿ ಎದ್ದು ನಿಂತರು.

"ಎಲ್ಲಾ ರೋಗಿಗಳ ಮನೆಗೂ ನಿನ್ನ ಜೊತೆ ಬರುವ ಹೆಂಡತಿಗೆ, ಆ ಮನೆಗೆ ಮಾತ್ರ ನೀನು ಬರಬೇಡ ಅಂತ ಹೇಳಿದ್ದು ಯಾವ ಭಾನುವಾರ, ಸಂದ್ಯಾಗಪ್ಪ?"

ಸಂದ್ಯಾಗಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ.