ಸಿದ್ಲಿಂಗ ಬಣ್ಣದ ಬೆಳಕಿನಲ್ಲಿ ಬೀಜ ಹಾಕಿದ್ದು

ಒಂದಿಷ್ಟು ಹತ್ತಿರ ಬನ್ನಿ, ಸಿದ್ಲಿಂಗನ ಸಮಾಚಾರ ಹೇಳ್ತೀನಿ. ಸಸಿ ಮಾರೋ ಚಿಕ್ಕತಾಯಮ್ಮನಿಗೆ ಇವನೊಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವನು. ಅದೇ ಅವಳ ಕರ್ಮ!

ಒಂದು ದಿನ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಬಂದು ಅವಳಿಗೆ ಎರಡು ಎಲ್‌ಇಡಿ ದೀಪ ಕೊಟ್ಟರು, ಒಂದು ಕೆಂಪು, ಒಂದು ನೀಲಿ. "ತಾಯಿ, ಸೊಪ್ಪಿನ ಬೀಜ ಯಾವ ಬೆಳಕಲ್ಲಿ ಹೇಗೆ ಮೊಳೆಯುತ್ತೆ, ಬೆಳೆಸಿ ತೋರಿಸಿ. ತಿಂಗಳಿಗೆ ಬರ್ತೀನಿ. ಚೆನ್ನಾಗಿ ಬಂದರೆ ಕಾಲೇಜು ತೋಟಕ್ಕೆ ಬೇಕಾದ ಸಸಿಯೆಲ್ಲ ನಿಮ್ಮ ಹತ್ತಿರವೇ." ಚಿಕ್ಕತಾಯಮ್ಮನಿಗೆ ಹಿಗ್ಗೋ ಹಿಗ್ಗು.

"ಲೋ, ಕೊತ್ತಂಬರಿ ಬೀಜ ಹಾಕು," ಅಂದಳು. ಹಾಕಿದ, ಇಡಿ ಇಡಿಯಾಗಿ. ನಾಲ್ಕು ದಿನ ಬಗ್ಗಿ ಬಗ್ಗಿ ನೋಡಿದ. ಮೊಳಕೆ ಕೆಂಪಲ್ಲೂ ಇಲ್ಲ, ನೀಲಿಯಲ್ಲೂ ಇಲ್ಲ!

"ಅಯ್ಯೋ ಮಂಕೆ! ಬೀಜ ಅಂದಮೇಲೆ ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಕಾಮಕಸ್ತೂರಿ ಬೀಜ ಕೊಟ್ಟಳು, ಸಾಸಿವೆಯಷ್ಟೂ ದಪ್ಪವಿಲ್ಲದ್ದು. ಉಜ್ಜಿದ. ಎಡಗಾಲಲ್ಲಿ ಉಜ್ಜಿದ, ಬಲಗಾಲಲ್ಲಿ ಉಜ್ಜಿದ. ಅವ್ವ ಬರೋ ಹೊತ್ತಿಗೆ ಎಲ್ಲ ನಶ್ಯದ ಪುಡಿ!

"ಬೀಜ ಎಲ್ಲೋ?"

"ಹೋಳು ಎಣಿಸ್ತಿದ್ದೆ ಕಣವ್ವ, ಸೀನು ಬಂದ್ಬುಡ್ತು."

"ನಿನ್ನ ತಲೆ! ನಾಜೂಕು ವಸ್ತುವನ್ನ ಕಾಲಲ್ಲಿ ತುಳೀತಾರೇನೋ? ನೀರಲ್ಲಿ ನೆನೆಹಾಕಬೇಕು!"

"ಹಂಗೇ ಆಗ್ಲಿ ಕಣವ್ವ."

ಸಂಜೆ ಅವ್ವ, "ನೀಲಿ ದೀಪ ಎತ್ತಿಡೋ, ನಾಜೂಕು ವಸ್ತು," ಅಂದಳು. ಎತ್ತಿಟ್ಟ, ನೀರಿನ ಬಕೆಟ್ಟಿನಲ್ಲಿ! "ನೆನೀತಾ ಐತೆ ಕಣವ್ವ. ಮೊಳಕೆನೂ ನೀಲಿಯಾಗೇ ಬರ್ತದಾ?"

ಚಿಕ್ಕತಾಯಮ್ಮ ಹಣೆಹಣೆ ಚಚ್ಚಿಕೊಂಡಳು. ಮೂರು ದಿನ ಬಿಸಿಲಲ್ಲಿ ಒಣಗಿಸಿದ ಮೇಲೆ ದೀಪ ಹೇಗೋ ಹತ್ತಿತು. ಈ ಸಲ ಕತ್ತಲೆ ಕೋಣೆಯಲ್ಲಿ ಎರಡು ಟ್ರೇ ಇಟ್ಟು, ಒಂದೊಂದರ ಮೇಲೂ ಒಂದೊಂದು ದೀಪ ಹಚ್ಚಿ, ಕಾಮಕಸ್ತೂರಿ ಬೀಜವನ್ನು ತಾನೇ ಬಿತ್ತಿದಳು. ಬಂತು ನೋಡಿ ಮೊಳಕೆ! ಕೆಂಪು ಬೆಳಕಿನವು ನೂಲೆಳೆ ಹಾಗೆ ಉದ್ದುದ್ದ. ನೀಲಿ ಬೆಳಕಿನವು ಗಿಡ್ಡ, ಆದರೆ ಗಟ್ಟಿಮುಟ್ಟು, ಕಡುಹಸಿರು. ತಾಯಿ ಮಗ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇ ನೋಡಿದ್ದು.

"ಅವ್ವ, ಬೀಜಕ್ಕೆ ಕಣ್ಣಿಲ್ಲ. ಬಣ್ಣ ಹೆಂಗೆ ಗೊತ್ತಾಯ್ತದೆ?"

ಬೈಯೋಕೆ ಬಾಯಿ ತೆಗೆದವಳು ಒಂದು ಮೊಳಕೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಮೇಷ್ಟ್ರನ್ನೇ ಕೇಳಾಣ ಇರು."

ಮೇಷ್ಟ್ರು ಬರೋ ದಿನ ಬೆಳಿಗ್ಗೆ ನೋಡುತ್ತಾಳೆ, ಇವನು ಒಂದು ಗಿಡ್ಡ ಮೊಳಕೆಯ ಜುಟ್ಟು ಹಿಡಿದು ಮೆಲ್ಲಗೆ ಎಳೆಯುತ್ತಿದ್ದಾನೆ!

"ಬಿಡೋ! ಎಳೆದರೆ ಉದ್ದ ಆಯ್ತದೇನೋ? ಗಿಡ್ಡ ಇರೋದನ್ನ ಕೆಂಪು ದೀಪದ ಕೆಳಗಿಟ್ಟು, ನೀರು ಚಿಮುಕಿಸಿ, ಕದ ಹಾಕಬೇಕು. ನಾಲ್ಕು ದಿನ ತೆಗೀಬಾರದು!"

"ಹಂಗೇ ಆಗ್ಲಿ ಕಣವ್ವ."

ಅವಳು ಕಾಫಿಗೆ ಹಾಲು ತರಲು ಹೋದಳು. ವಾಪಸು ಬಂದರೆ ಬಾಗಿಲಲ್ಲಿ ಮೇಷ್ಟ್ರ ಚಪ್ಪಲಿ ಇದೆ, ಮೇಷ್ಟ್ರಿಲ್ಲ.

"ಬಂದ್ರೇನೋ?"

"ಬಂದ್ರು ಕಣವ್ವ. ನನ್ನ ಭುಜದ ತಂಕ ಬರ್ತಾರೆ, ಅಷ್ಟೇಯ. ಕೆಂಪು ದೀಪದ ಕೆಳಗಿಟ್ಟೆ, ನೀರೂ ಚಿಮುಕಿಸ್ದೆ."

ಕೋಣೆ ಕದ ದಬದಬ ಅಂತು. "ಚಿಕ್ಕತಾಯಮ್ಮಾ! ಎರಡು ಟ್ರೇನೂ ನೋಡಿದೆ, ಸೊಗಸಾಗಿದೆ, ಸಸಿಯೆಲ್ಲ ನಿಮ್ಮ ಹತ್ತಿರವೇ! ಮೊದಲು ಕದ ತೆಗೀರಮ್ಮಾ!"

ಅವಳು ಅಗುಳಿಗೆ ಕೈ ಹಾಕಿದಳು. ಸಿದ್ಲಿಂಗ ಓಡಿ ಬಂದು ಅಡ್ಡ ನಿಂತ.

"ತೆಗೀಬ್ಯಾಡ ಕಣವ್ವ! ಅವರ ತಲೆ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆದಿವ್ನಿ, ಇನ್ನೂ ಒಂದು ಬೆರಳಷ್ಟೂ ಬೆಳೆದಿಲ್ಲ!"