ಮರಳಿನ ಹಳಿ

ಘಟ್ಟದ ನಡುವಿನ ಕಲ್ಲುಹೊಳೆ ಸ್ಟೇಷನ್ನಿಗೆ ಫಕೀರೇಶ ಕೆಲಸ ಕಲಿಯಲು ಬಂದ. ಅಲ್ಲಿನ ಸ್ಟೇಷನ್ ಮಾಸ್ಟರ್ ದೂಮಣ್ಣನವರ ನಿವೃತ್ತಿಗೆ ಇನ್ನೊಂದು ವರ್ಷವಿತ್ತು.

ವಾರ ಕಳೆಯಿತು. ಒಬ್ಬ ಪ್ರಯಾಣಿಕನೂ ಇಳಿಯಲಿಲ್ಲ, ಹತ್ತಲಿಲ್ಲ.

“ಊರೇ ಇಲ್ಲದ ಕಡೆ ಸ್ಟೇಷನ್ ಯಾಕೆ ಕಟ್ಟಿದರು ಮಾಸ್ಟ್ರೇ?”

“ಹಳಿ ಹಾಕುವ ಕಾಲದಲ್ಲಿ ಕಲ್ಲು ತುಂಬಿದ ಗಾಡಿಯೊಂದು ಬ್ರೇಕ್ ಹಿಡಿಯದೆ ಕೆಳಗೆ ಓಡಿತು. ತಿರುವಿನಲ್ಲಿ ಕೂಲಿಯವರ ಗುಡಿಸಲುಗಳಿದ್ದವು. ಆಮೇಲೆ ಕಟ್ಟಿದರು.”

“ಎಷ್ಟು ಜನ ಸತ್ತರು?”

“ಯಾರೂ ಬರೆದಿಡಲಿಲ್ಲ.”

ಘಟ್ಟ ಇಳಿಯುವ ಪ್ರತಿ ಗಾಡಿಯೂ ಅಲ್ಲಿ ನಿಲ್ಲಬೇಕು. ಬ್ರೇಕ್ ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಹಳಿ ಗುಡ್ಡದ ಕಡೆ ತಿರುಗಿರುತ್ತದೆ. ಆ ಹಳಿ ಏರುತ್ತ ಹೋಗಿ ಮರಳಿನ ದಿಬ್ಬದಲ್ಲಿ ಮುಗಿಯುತ್ತದೆ. ಗಾಡಿ ನಿಂತ ಮೇಲಷ್ಟೇ ದೂಮಣ್ಣನವರು ಲಿವರ್ ಎಳೆದು ಘಟ್ಟದ ದಾರಿ ಕೊಡುತ್ತಿದ್ದರು.

“ನಿಲ್ಲಲಾಗದೆ ಬಂದ ಗಾಡಿ ಮರಳಿಗೆ ಹೋದರೆ ಉಳಿಯುತ್ತದಾ?” ಫಕೀರೇಶ ಕೇಳಿದ.

“ನಿಧಾನ ಇದ್ದರೆ ಉಳಿಯುತ್ತದೆ.”

“ವೇಗ ಇದ್ದರೆ?”

ದೂಮಣ್ಣನವರು ಲಿವರಿಗೆ ಎಣ್ಣೆ ಬಿಡುತ್ತ ಕೂತರು.

ಡ್ರೈವರುಗಳಲ್ಲಿ ಸಾಲ್ವದೋರ್ ಎಂಬವನು ಫಕೀರೇಶನಿಗೆ ಬೇಗ ಹತ್ತಿರದವನಾದ. ಬ್ರೇಕ್ ನೋಡುವಷ್ಟು ಹೊತ್ತು ಇಬ್ಬರೂ ಚಹಾ ಕುಡಿಯುತ್ತಿದ್ದರು. ಸಾಲ್ವದೋರ್ ಮನೆಯಿಂದ ತಂದ ಒಣಮೀನಿನ ಚಟ್ನಿಯಲ್ಲಿ ಅರ್ಧ ಇವನಿಗೇ ಕೊಡುತ್ತಿದ್ದ.

ಒಂದು ಬುಧವಾರ ಬೆಳಿಗ್ಗೆ ಕೆಳಗಿನ ಸುರಂಗದಲ್ಲಿ ಹನ್ನೊಂದು ಜನ ಹಳಿ ರಿಪೇರಿ ಮಾಡುತ್ತಿದ್ದರು. ಸಾಲ್ವದೋರನ ಗೂಡ್ಸ್ ಗಾಡಿ ಅವರ ಕೆಲಸ ಮುಗಿಯುವವರೆಗೆ ಕಲ್ಲುಹೊಳೆಯಲ್ಲಿ ಕಾಯಬೇಕಿತ್ತು.

ಮೇಲಿನ ತಿರುವಿನಲ್ಲಿ ಸೀಟಿ ಕೇಳಿಸಿತು. ಅದು ನಿಲ್ಲಲೇ ಇಲ್ಲ.

ಫಕೀರೇಶ ಹೊರಗೆ ಬಂದು ನೋಡಿದ. ಗಾಲಿಗಳಿಂದ ಹೊಗೆ ಏಳುತ್ತಿತ್ತು. ಸಹಾಯಕ ಡ್ರೈವರ್ ಇಂಜಿನ್ನಿನಿಂದ ಪೊದೆಯೊಳಕ್ಕೆ ಹಾರಿದ. ಗಾಡಿಯ ವೇಗ ತಗ್ಗಲಿಲ್ಲ.

ಫಕೀರೇಶ ಲಿವರ್ ಹಿಡಿದ.

“ದಾರಿ ಕೇಳ್ತಿದ್ದಾನೆ ಮಾಸ್ಟ್ರೇ. ಕೊಡೋಣ. ಈ ವೇಗದಲ್ಲಿ ಮರಳಿಗೆ ಹೋದರೆ ಅವನು ಉಳಿಯೋಲ್ಲ.”

“ಸುರಂಗದಲ್ಲಿ ಜನ ಇದ್ದಾರೆ.”

“ಸೀಟಿ ಕೇಳಿ ಓಡಿ ಹೋಗಿರ್ತಾರೆ.”

“ನೋಡಿದೆಯಾ?”

ದೂಮಣ್ಣನವರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿವರಿಗೆ ಬೆನ್ನು ಕೊಟ್ಟು ನಿಂತರು.

ಗಾಡಿ ಅವರ ಮುಂದೆಯೇ ಹಾದು ಗುಡ್ಡದ ಕಡೆ ತಿರುಗಿತು. ಇಂಜಿನ್ ಮರಳನ್ನು ಸೀಳಿ ಬಂಡೆಗೆ ಬಡಿಯಿತು. ಹಿಂದಿನ ಡಬ್ಬಿಗಳು ಅದರ ಮೇಲೆ ಏರಿದವು. ಸೀಟಿ ಆಗ ನಿಂತಿತು.

ಸಾಲ್ವದೋರನನ್ನು ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಸುರಂಗದಿಂದ ಬಂದ ಹನ್ನೊಂದು ಜನವೇ ಹೊತ್ತು ತಂದರು.

ಎರಡು ದಿನ ಫಕೀರೇಶ ಗುರುವಿನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಸಾಲ್ವದೋರನ ಹೆಂಡತಿ ಕಾರ್ಮಿನ್ ಬಂದಳು. ಕಪ್ಪು ಸೀರೆ ಉಟ್ಟಿದ್ದಳು. ಗಂಡ ಸತ್ತ ಜಾಗವನ್ನು ಬಹಳ ಹೊತ್ತು ನೋಡಿದಳು.

“ಹಳಿ ಆ ಕಡೆ ಇರಲಿ ಅಂತ ಬಿಟ್ಟವರು ಯಾರು?”

“ನಾನಮ್ಮ,” ಎಂದರು ದೂಮಣ್ಣನವರು.

ಅವಳು ಅವರ ಮುಖ ನೋಡಿದಳು.

“ಅವರು ಸೀಟಿ ಹೊಡೆದದ್ದು ಕೇಳಿಸಿತಾ ನಿಮಗೆ?”

“ಕೇಳಿಸಿತು.”

“ಎಷ್ಟು ಹೊತ್ತು?”

“ಬಂಡೆಗೆ ಬಡಿಯುವವರೆಗೂ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮೇಲೆ ಹೋಗುವ ಗಾಡಿ ಹತ್ತಿದಳು.

ಗಾಡಿ ಮರೆಯಾಗುವವರೆಗೆ ಫಕೀರೇಶ ತಡೆದುಕೊಂಡ.

“ಅವನನ್ನು ಸಾಯಲು ಬಿಟ್ಟಿರಿ. ಅದೂ ಸಾಲದೆ, ಆ ಹೆಂಗಸಿಗೆ ಹೀಗೆ ಹೇಳಿದಿರಿ. ಮೊದಲೇ ಪ್ರಾಣ ಹೋಗಿತ್ತು, ಏನೂ ಗೊತ್ತಾಗಿರಲಿಕ್ಕಿಲ್ಲ ಅಂತ ಒಂದು ಸುಳ್ಳು ಹೇಳಲು ಆಗಲಿಲ್ಲವಾ ನಿಮಗೆ?”

ದೂಮಣ್ಣನವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

“ಹಾರುವುದಕ್ಕೆ ಅವನಿಗೂ ಜಾಗ ಇತ್ತು ಫಕೀರೇಶ. ಸುರಂಗದವರಿಗೆ ಕೇಳಲಿ ಅಂತ ಸೀಟಿ ಹಿಡಿದುಕೊಂಡೇ ಹೋದ ಅನ್ನೋದನ್ನು ಅವಳಿಗೆ ನಾವಲ್ಲದೆ ಇನ್ಯಾರು ಹೇಳಬೇಕು?”